ನೋವಿಲ್ಲ ಎಂದು ಬರೆದ ಹಾಳೆ

ಕಳೆದ ವಾರ ಟ್ರಂಕಿನ ತಳದಲ್ಲಿ ಒಂದು ಹಾಳೆ ಸಿಕ್ಕಿತು. ಬೆನ್ನು ತೋರಿಸಿ ನಿಂತ ಮನುಷ್ಯನ ಚಿತ್ರ, ಬರೀ ಗೆರೆಗಳದ್ದು. ನೋಯುವ ಜಾಗಕ್ಕೆ ಸುತ್ತು ಹಾಕಬೇಕಿತ್ತು. ಇದರಲ್ಲಿ ಒಂದೂ ಸುತ್ತಿಲ್ಲ. ಮೇಲೆ ನನ್ನ ಅವ್ವನ ಹೆಸರು. ಕೆಳಗೆ ನನ್ನದೇ ಅಕ್ಷರದಲ್ಲಿ, 'ನೋವಿಲ್ಲ'.

ಆ ಹಾಳೆಗಳನ್ನು ತಂದವರನ್ನು ನಮ್ಮೂರಿನವರು ಬೆನ್ನಿನ ಡಾಕ್ಟ್ರಮ್ಮ ಎನ್ನುತ್ತಿದ್ದರು. ಔಷಧಿ ಕೊಡಲು ಬಂದವರಲ್ಲ. ವರ್ಷಗಟ್ಟಲೆ ಬಗ್ಗಿ ದುಡಿದವರ ಬೆನ್ನುಮೂಳೆಗೆ ಏನಾಗುತ್ತದೆ ಎಂದು ಸಂಶೋಧನೆ ಮಾಡಲು ಬಂದು ಮಳವಳ್ಳಿಯಲ್ಲಿ ಕೋಣೆ ಹಿಡಿದಿದ್ದರು. ಪಿಯುಸಿ ಮುಗಿಸಿ ಬೆಳಕವಾಡಿಯ ಮನೆಯಲ್ಲಿದ್ದ ನನ್ನನ್ನು ಬರೆದುಕೊಳ್ಳುವ ಕೆಲಸಕ್ಕೆ ಕರೆದರು. ಆತಗೂರಿನ ಕಬ್ಬಿನ ಗದ್ದೆಗಳಿಂದ ವಿ.ಸಿ. ಫಾರಂ ಎನ್ನುವ ಸರ್ಕಾರಿ ಕೃಷಿ ಕೇಂದ್ರದ ಕೂಲಿಯವರ ತನಕ ಅವರ ಜೊತೆ ಓಡಾಡಿದೆ... ಬಸ್ಸಿನಲ್ಲಿ ಕಿಟಕಿಯ ಪಕ್ಕ ಯಾವಾಗಲೂ ನನ್ನನ್ನೇ ಕೂರಿಸುತ್ತಿದ್ದರು.

ಗಂಡಸರು ತಮ್ಮ ನೋವನ್ನು ಧಾರಾಳವಾಗಿ ಹೇಳಿಕೊಂಡರು. ಹೆಂಗಸರು ಮಾತ್ರ ಜಗುಲಿಯ ಮೇಲೆ ಕೂತ ಗಂಡನ ಮುಖ, ಅತ್ತೆಯ ಮುಖ ನೋಡಿ, "ನಂಗೇನೂ ಇಲ್ಲ ಕಣಮ್ಮ" ಎನ್ನುತ್ತಿದ್ದರು. ನನ್ನ ಅವ್ವನೂ ಹಾಗೇ ಅಂದಳು. ನಾನು ಬರೆದುಕೊಂಡೆ.

ಡಾಕ್ಟ್ರಮ್ಮನಿಗೆ ಅದು ನಂಬಿಕೆಯಾಗಲಿಲ್ಲ. ನಾಟಿಯ ಕಾಲಕ್ಕೆ ಸೀರೆ ಎತ್ತಿ ಕಟ್ಟಿ ನಮ್ಮ ಗದ್ದೆಗೇ ಇಳಿದರು. ಅರ್ಧ ದಿನ ಪೈರು ನೆಟ್ಟ ಮೇಲೆ ಸೊಂಟ ಎತ್ತಲಾಗದೆ ಕೆಸರಿನಲ್ಲೇ ಕೂತುಬಿಟ್ಟರು. ಹೆಂಗಸರೆಲ್ಲ ನಕ್ಕರು. ನಕ್ಕು ಮುಗಿದ ಮೇಲೆ ಒಬ್ಬೊಬ್ಬರೇ ಬಾಯಿ ಬಿಟ್ಟರು.

ಅವ್ವ ಬದುವಿನ ಮೇಲೆ ಕೂತು ಮೆಲ್ಲಗೆ ಅಂದಳು, "ಸೊಂಟ ವರ್ಸದಿಂದ್ಲೂ ನೋಯ್ತದೆ. ಮೊನ್ನೆಯಿಂದ ಎಲ್ಡು ಕಾಲೂ ಜೋಮು ಕಣವ್ವ. ಕೂತ್ರೆ ಕೂತಿರೋದೇ ಗೊತ್ತಾಗಕಿಲ್ಲ. ಉಚ್ಚೆನೂ ತಿಳೀದಂಗೆ ಓಯ್ತದೆ. ಯಾರತ್ರ ಏಳ್ಲಿ?"

ನಾನು ಪಕ್ಕದಲ್ಲೇ ನಿಂತಿದ್ದೆ. ಒಂದೇ ಮನೆಯಲ್ಲಿದ್ದೂ ನನಗೆ ಗೊತ್ತಿರಲಿಲ್ಲ.

ಎಲ್ಲಿ ನೋವೆಂದು ಅವ್ವನ ಬೆನ್ನು ಮುಟ್ಟಿ ಕೇಳಿದ ಡಾಕ್ಟ್ರಮ್ಮನ ಮುಖ ಬದಲಾಯಿತು. ಬೆನ್ನುಮೂಳೆಯ ನಡುವಿನ ಮೆತ್ತೆ ಜಾರಿ ನರಗಳನ್ನು ಅದುಮಿರಬೇಕು, ಇವತ್ತೇ ಆಪರೇಷನ್ ಆಗಬೇಕು ಎಂದರು. ನೀರು ಕಟ್ಟುತ್ತಿದ್ದ ಅಪ್ಪ ಸನಿಕೆ ಊರಿ ನಿಂತ.

"ನಾಟಿ ಮುಗೀಲಿ ಬುಡಿ ಮೇಡಮ್ಮ, ಆಮ್ಯಾಕೆ ಕರ್ಕೊಂಡು ಓಯ್ತೀನಿ."

"ನಾಟಿ ಮುಗಿಯೋ ಹೊತ್ತಿಗೆ ಇವರು ನಡೆಯೋ ಹಾಗಿರಲ್ಲ."

ಕೈಯ ಕೆಸರನ್ನೂ ತೊಳೆಯದೆ ಅವ್ವನ ತೋಳು ಹಿಡಿದು ರಸ್ತೆಯ ಕಡೆ ಹೊರಟರು. ಅಪ್ಪ ಸನಿಕೆ ಬಿಸಾಕಿ ಹಿಂದೆ ಓಡಿಬಂದ. ಆ ದಿನವೇ ಮೈಸೂರಿನಲ್ಲಿ ಆಪರೇಷನ್ ಆಯಿತು.

ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ನಾನೇ ನೋವಿಲ್ಲ ಅಂತ ಬರೆದೆ ಎಂದು ಅತ್ತುಬಿಟ್ಟೆ. ಡಾಕ್ಟ್ರಮ್ಮ ಹೇಳಿದರು, "ಅವರು ಹೇಳಿದ್ದನ್ನ ನೀನು ಬರೆದೆ. ನಾವು ಕೇಳಿದ ಜಾಗ ಸರಿ ಇರಲಿಲ್ಲ." ಮುಂದಿನ ವಾರ, ಅಲ್ಲಿಯವರೆಗೆ ಬರೆಸಿದ್ದ ಹೆಂಗಸರ ಹಾಳೆಗಳನ್ನೆಲ್ಲ ಪಕ್ಕಕ್ಕಿಟ್ಟು, ಗದ್ದೆಯಿಂದ ಗದ್ದೆಗೆ ಹೋಗಿ ಮೊದಲಿನಿಂದ ಕೇಳಲು ಶುರುಮಾಡಿದರು. ಅಷ್ಟು ತಿಂಗಳ ಕೆಲಸ ಹಾಳಾಯಿತೆಂದು ಒಂದು ದಿನವೂ ಗೊಣಗಲಿಲ್ಲ.

ಅವ್ವ ನಿಧಾನವಾಗಿ ಊರುಗೋಲು ಬಿಟ್ಟಳು. ಸಂಶೋಧನೆ ಮುಗಿದು ಡಾಕ್ಟ್ರಮ್ಮ ದೂರದ ಊರಿಗೆ ಹೋದರು. ಕೆಲವು ವರ್ಷ ಫೋನು ಮಾಡುತ್ತಿದ್ದೆ. ಬನ್ನಿ ಎಂದರೆ, ಈ ಸಲ ಖಂಡಿತ ಎನ್ನುತ್ತಿದ್ದರು. ನನಗೆ ಮದುವೆಯಾಯಿತು, ಮಕ್ಕಳಾದವು... ನಾಳೆ ಮಾಡಿದರಾಯಿತು ಅನ್ನುತ್ತಲೇ ಉಳಿದೆ.

ಹಾಳೆ ಸಿಕ್ಕ ದಿನ ಹಳೆಯ ನಂಬರಿಗೆ ಫೋನು ಮಾಡಿದೆ. ಎತ್ತಿದವರು ಅವರ ತಂಗಿ. ಅಕ್ಕ ಹೋದ ಮಳೆಗಾಲದಲ್ಲಿ ತೀರಿಕೊಂಡರು ಎಂದರು. ನಾನಿನ್ನೂ ಹೆಸರು ಹೇಳಿರಲಿಲ್ಲ. ಅವರೇ ಕೇಳಿದರು, "ನೀವು ಬೆಳಕವಾಡಿಯವರಾ?"

ಸಂಜೆ ಅವ್ವನಿಗೆ ಹೇಳಿದೆ. ಅವರೆಕಾಯಿ ಬಿಡಿಸುತ್ತಿದ್ದ ಕೈ ನಿಂತಿತು.

"ಎಲ್ಲಿ ನೋಯ್ತದೆ ಅಂತ ನನ್ ಬೆನ್ನು ಮುಟ್ಟಿ ಕೇಳಿದ್ದು ಅದೊಂದೇ ಜೀವ ಕಣ್ ಮಗ," ಅಂದಳು. ಎದ್ದು ಹಿತ್ತಲಿಗೆ ಹೋದಳು.

ಒಂದೇ ಮನೆಯಲ್ಲಿದ್ದೂ ಕೇಳದ ನನಗೂ ಸೇರಿದ ಮಾತು ಅದು. ಡಾಕ್ಟ್ರಮ್ಮ ಇದ್ದಿದ್ದರೆ ಇದನ್ನೂ ಅವರ ಹತ್ತಿರ ಹೇಳಿಕೊಳ್ಳುತ್ತಿದ್ದೆ.