ಫಹಾಹೀಲಿನ ನಾಗನಕಲ್ಲು

ನಾನು ಚಿಕ್ಕವನಿದ್ದ ಆ ಕಾಲದಲ್ಲಿ ಕುವೈತಿನ ಫಹಾಹೀಲಿನಲ್ಲಿ ಹಸಿರು ನೋಡಲು ಎರಡೇ ದಾರಿ. ಒಂದು ಟ್ರಾಫಿಕ್ ಸಿಗ್ನಲ್, ಇನ್ನೊಂದು ಅಪ್ಪ ಕ್ಯಾಪ್ಟನ್ ಆಗಿದ್ದ ಚೀನೀ ಹೋಟೆಲಿನ ಹಿತ್ತಲು. ಕ್ಯಾಪ್ಟನ್ ಎಂದರೆ ಹಡಗಿಗಲ್ಲ, ವೇಟರುಗಳಿಗೆ. ಹೋಟೆಲಿನ ಯಜಮಾನರನ್ನು ಎಲ್ಲರೂ ಮಾಸ್ಟರ್ ಎನ್ನುತ್ತಿದ್ದರು. ಚೀನಾದಲ್ಲಿ ತಮ್ಮ ಊರಿನ ಪಂಡಿತರು ಕೂತು ಓದುತ್ತಿದ್ದಂಥ ತೋಟವೊಂದನ್ನು ಅವರು ಅಲ್ಲಿ ಕಟ್ಟಿಸಿದ್ದರು. ಚಂದ್ರನಂಥ ದುಂಡು ಬಾಗಿಲು, ಕೆಂಪು ಮೀನಿನ ಕೊಳ, ಒಂದು ಹಿಡಿ ಬಿದಿರು, ನಡುವೆ ಆಳೆತ್ತರದ, ಮೈಯೆಲ್ಲ ತೂತಿನ ಬಿಳಿ ಕಲ್ಲು. ಶುಕ್ರವಾರ ಬೆಳಿಗ್ಗೆ, ಅಡುಗೆಮನೆಯಿಂದ ಬೆಳ್ಳುಳ್ಳಿ ಹುರಿಯುವ ಘಮ ಬರುವಾಗ, ನಾನು ಮೀನುಗಳಿಗೆ ಹೆಸರಿಡುತ್ತಿದ್ದೆ. ಪಾಂಡಿತ್ಯಕ್ಕೆ ನನ್ನ ಕೊಡುಗೆ ಅಷ್ಟೇ.

ಆ ವರ್ಷ ವಿಸಿಟ್ ವೀಸಾದಲ್ಲಿ ಬಂದಿದ್ದ ಅಜ್ಜಿಗೆ ಒಂದೇ ಕೊರಗು. ನಾಗರಪಂಚಮಿ ಬಂದಿತ್ತು, ಹಾಲೆರೆಯಲು ನಾಗನಿರಲಿಲ್ಲ. ಬೇಸರ ಕಳೆಯಲಿ ಎಂದು ಅಪ್ಪ ಅಂದು ಅವಳನ್ನೂ ತೋಟಕ್ಕೆ ಕರೆತಂದ. ಕಲ್ಲು ಕಂಡದ್ದೇ ಅಜ್ಜಿ ಚಪ್ಪಲಿ ಕಳಚಿದಳು.

"ಇಷ್ಟು ದೊಡ್ಡ ಹುತ್ತ ಉಂಟು, ನೀನು ಹೇಳ್ಲೇ ಇಲ್ಲ ಅಲ್ವಾ ಮಾರಾಯ."

"ಅಮ್ಮಾ, ಅದು ಹುತ್ತ ಅಲ್ಲ. ಚಂದಕ್ಕೆ ಇಟ್ಟ ಕಲ್ಲು."

"ನಿಂಗೆಂತ ಗೊತ್ತು, ನೂಡಲ್ಸ್ ಬಡಿಸುವವನಿಗೆ."

ಅಪ್ಪ ಒಳಗೆ ಹೋದದ್ದೇ ತಡ, ಫ್ರಿಜ್ಜಿನಿಂದ ಹಾಲು ತಂದುಕೊಟ್ಟವನು ನಾನೇ. ಅರಿಶಿನ ಅಜ್ಜಿಯ ಚೀಲದಲ್ಲೇ ಇತ್ತು. ಅಪ್ಪ ಹಿಂತಿರುಗಿದಾಗ ಕಲ್ಲು ಹಳದಿಯಾಗಿತ್ತು, ಕೊಳ ಬಿಳಿಯಾಗಿತ್ತು.

ಆ ಕಲ್ಲನ್ನು ಮಾಸ್ಟರ್ ಬೇರೆಯವರಿಗೆ ಮುಟ್ಟಲೂ ಬಿಡುತ್ತಿರಲಿಲ್ಲ. ಅಪ್ಪನ ಇಕಾಮಾ, ಎಂದರೆ ನಾವೆಲ್ಲ ಕುವೈತಿನಲ್ಲಿರುವ ಹಕ್ಕು, ಅವರ ಕೈಯಲ್ಲಿತ್ತು. ಅಪ್ಪ ಸೋಪಿನ ಪುಡಿ ಹಾಕಿ ಗಸಗಸ ಉಜ್ಜಿದ. ಸೋಪು ತಾಗಿದ ಅರಿಶಿನ ತನ್ನ ಧರ್ಮ ಬಿಡಲಿಲ್ಲ, ರಕ್ತಗೆಂಪಾಯಿತು.

"ಕುಂಕುಮವೂ ಆಯ್ತು," ಎಂದಳು ಅಜ್ಜಿ ಸಮಾಧಾನದಿಂದ.

ಅಷ್ಟರಲ್ಲಿ ಮಾಸ್ಟರ್ ಬಂದರು. ಅಪ್ಪ ಬ್ರಷ್ ಹಿಡಿದೇ ಎದ್ದು ನಿಂತ.

"ಮೇರಾ ಮಾ, ಸರ್. ಪೂಜಾ."

ಮಾಸ್ಟರ್ ಕೈ ಹಿಂದೆ ಕಟ್ಟಿ ಕಲ್ಲನ್ನು ಸುತ್ತಿ ಬಂದರು. ಅಜ್ಜಿಯ ಲೆಕ್ಕದಲ್ಲಿ ಅದು ಪ್ರದಕ್ಷಿಣೆ. "ಕೈ ಮುಗೀಲಿಕ್ಕೆ ಹೇಳು ಅವರಿಗೆ," ಎಂದಳು.

ಮಾಸ್ಟರ್ ಅಪ್ಪನ ಕೈಯಿಂದ ಬ್ರಷ್ ತೆಗೆದುಕೊಂಡರು. "ಹಮಾರಾ ಪಂಡಿತ್ ಲೋಗ್ ಪತ್ಥರ್ ಕೋ ಬಡಾ ಭಾಯಿ ಬೋಲ್ತಾ," ಎಂದು ತಮ್ಮ ಗಲ್ಫ್ ಹಿಂದಿಯಲ್ಲಿ ಹೇಳಿ, ಅಣ್ಣನಿಗೆಂಬಂತೆ ಕಲ್ಲಿಗೆ ಬಗ್ಗಿ ನಮಿಸಿದರು. ಆಮೇಲೆ ಅಜ್ಜಿಗೂ. "ಧೋನಾ ನಹೀ. ಖಲಾಸ್." ತೊಳೆಯುವುದು ಅಲ್ಲಿಗೆ ಮುಗಿಯಿತು.

ಈಗ ಅಲ್ಲಿ ಕಾರ್ ಪಾರ್ಕಿಂಗ್ ಇದೆ. ಮಾಸ್ಟರ್ ಇಲ್ಲ, ಅಜ್ಜಿ ಇಲ್ಲ, ಕಲ್ಲು ಎಲ್ಲಿ ಹೋಯಿತೆಂದು ಹೇಳುವವರೂ ಇಲ್ಲ. ಹಸಿರು ನೋಡಲು ಸಿಗ್ನಲ್ ಒಂದೇ ಉಳಿದಿದೆ. ಅದು ಹಳದಿಯಾಗಿ ಕೆಂಪಾಗುವಾಗ ನಾನು ಎಲ್ಲೋ ಹೋಗಿಬಿಡುತ್ತೇನೆ. ಹಸಿರಾದದ್ದನ್ನು ಹಿಂದಿನ ಕಾರಿನವರೇ ಹಾರ್ನ್ ಹೊಡೆದು ತಿಳಿಸಬೇಕಾಗುತ್ತದೆ.