ಕೆಂಪಿಯ ಹಗ್ಗ

ನಾನು ಚಿಕ್ಕವಳಿದ್ದಾಗ ಹಸುವಿಗೆ ಹಗ್ಗ ರಾತ್ರಿಗೆ ಮಾತ್ರ ಇತ್ತು, ಮಕ್ಕಳೇ. ಬೆಳಗ್ಗೆ ಹಾಲು ಕರೆದ ಮೇಲೆ ಅಕ್ಕ ನಮ್ಮ ಕೆಂಪಿಯ ಹಗ್ಗ ಬಿಚ್ಚಿ ಬೆನ್ನು ಸವರಿದರೆ ಸಾಕು, ಅದು ತಾನೇ ಕೈಲಾಂಚದ ಕಡೆಯ ಗೋಮಾಳಕ್ಕೆ ಹೊರಡುತ್ತಿತ್ತು. ಗೋಮಾಳವೆಂದರೆ ಊರ ದನ, ಕುರಿಗಳೆಲ್ಲ ಮೇಯಲೆಂದು ಬಿಟ್ಟಿದ್ದ ಬಯಲು. ಯಾರಪ್ಪನ ಸ್ವತ್ತೂ ಅಲ್ಲ. ಮಳೆ ಬಿದ್ದ ಮರುದಿನ ಅಲ್ಲಿ ಗರಿಕೆಯ ವಾಸನೆ, ಸಗಣಿಯ ವಾಸನೆ ಬೆರೆತು ಮೂಗಿಗೆ ಹಿತವಾಗಿರುತ್ತಿತ್ತು.

ಆಮೇಲೆ ರೇಷ್ಮೆ ಬಂತು. ಗೂಡಿಗೆ ಒಳ್ಳೆಯ ಬೆಲೆ ಸಿಕ್ಕಿದ್ದೇ ತಡ, ಒಬ್ಬೊಬ್ಬರೇ ಗೋಮಾಳ ಉತ್ತು ಹಿಪ್ಪುನೇರಳೆ ಕಡ್ಡಿ ನೆಟ್ಟರು. ಅಪ್ಪನೂ ಒಂದು ತುಂಡು ಉತ್ತ. "ನಾವು ಬುಟ್ರೆ ಇನ್ನೊಬ್ಬ ಉಳ್ತಾನೆ ಕಣವ್ವ" ಎಂದ. ಅಪ್ಪನ ಮೇಲೆ ನನಗೆ ಕೋಪವಿಲ್ಲ. ನಾವು ಹೊಟ್ಟೆ ತುಂಬ ಉಂಡದ್ದು ಆ ಸೊಪ್ಪಿನಿಂದಲೇ.

ಆದರೆ ಇದನ್ನು ಕೆಂಪಿಗೆ ಹೇಳುವವರು ಯಾರು? ಅದು ಹಳೇ ದಾರಿಯಲ್ಲೇ ಹೋಗಿ ನಮ್ಮ ಸೊಪ್ಪಿಗೇ ಬಾಯಿ ಹಾಕಿತು. ಅದೂ ಎಂಥ ಹೊತ್ತಿನಲ್ಲಿ! ರೇಷ್ಮೆ ಹುಳ ಪೊರೆ ಬಿಡುವ ಮುಂಚೆ ಮೇವು ಬಿಟ್ಟು ಮಲಗುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರದಿಂದ ಎದ್ದ ಹುಳಕ್ಕೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಮನೆಯೊಳಗೆ ಅವು ಚರಚರನೆ ತಿನ್ನುತ್ತಿದ್ದಾಗಲೇ ತೋಟದಲ್ಲಿ ಅವುಗಳ ಸೊಪ್ಪು ಕೆಂಪಿಯ ಹೊಟ್ಟೆ ಸೇರಿತ್ತು.

ಅಪ್ಪ ಅದನ್ನು ಹಗಲೂ ಕಟ್ಟಿಹಾಕಿದ. ಅದು ಒಣಹುಲ್ಲು ಮೂಸಲಿಲ್ಲ. ಅಂಬಾ ಎಂದು ಕೂಗುತ್ತಲೇ ಇತ್ತು, ಜಗ್ಗಿ ಜಗ್ಗಿ ಕುತ್ತಿಗೆ ತರಚಿತು. ಅಕ್ಕನಿಗೆ ತಡೆಯಲಾಗಲಿಲ್ಲ. "ಹುಳಕ್ಕೆ ಜ್ವರ ಅಂದ್ರೆ ಎಲ್ರೂ ಮೆಲ್ಲಗೆ ನಡೀತೀರ. ಕೆಂಪಿ ಹಸ್ಕೊಂಡೈತೆ ಅಂದ್ರೆ ಯಾರ್ಗೂ ಕೇಳ್ಸಕ್ಕಿಲ್ವಾ?" ಎಂದಳು.

ಕೊನೆಗೆ, ಬಯಲು ಇನ್ನೂ ಉಳಿದಿದ್ದ ಸೋಲೂರಿನ ಕಡೆಯವರಿಗೆ ಅಪ್ಪ ಕೆಂಪಿಯನ್ನು ಮಾರಿದ. ಹಸು ಮಾರಿದರೂ ಅದರ ಹಗ್ಗ ಕೊಡಬಾರದು, ಅದು ನಮ್ಮ ಪದ್ಧತಿ. ಕೊಂಡವರು ತಂದ ಹೊಸ ಹಗ್ಗ ಕಟ್ಟಿ, ಅಪ್ಪ ಹಳೆಯದನ್ನು ಬಿಚ್ಚಿದ. ಬಿಚ್ಚಿದೊಡನೆ ಕೆಂಪಿ ಕಿವಿ ನಿಮಿರಿಸಿ ಗೋಮಾಳದ ದಾರಿಗೆ ತಿರುಗಿತು. ಹಗ್ಗ ಬಿಚ್ಚಿದರೆಂದರೆ ಮೇಯಲು ಹೋಗುವುದೆಂದೇ ಅದಕ್ಕೆ ಗೊತ್ತಿದ್ದದ್ದು. ಅವರು ಅದನ್ನು ಇನ್ನೊಂದು ದಾರಿಗೆ ಎಳೆದುಕೊಂಡು ಹೋದರು. ಅಕ್ಕ ಅತ್ತಳು, ನಾನೂ ಅತ್ತೆ. ಅಪ್ಪ ಹಗ್ಗ ಹಿಡಿದುಕೊಂಡು ನಿಂತೇ ಇದ್ದ.

ಈಗ ನಮ್ಮ ಕೊಟ್ಟಿಗೆಯಲ್ಲೊಂದು ಸೀಮೆಹಸು ಇದೆ. ಹುಲ್ಲು ಅದರ ಬಾಯಿಯ ಹತ್ತಿರಕ್ಕೇ ಬರುತ್ತದೆ, ಸೆಕೆಗೆ ಫ್ಯಾನೂ ಇದೆ. ಮೊನ್ನೆ ನಾನು ಅದರ ಹಗ್ಗ ಬಿಚ್ಚಿದಾಗ ನೀವೆಲ್ಲ "ಅಜ್ಜಿ, ಓಡೋಗ್ಬುಡ್ತದೆ!" ಎಂದು ಕೂಗಿದಿರಿ. ಅದು ಓಡಲಿಲ್ಲ. ನಿಂತಲ್ಲೇ ನಿಂತು ನನ್ನ ಮುಖ ನೋಡಿತು. ಎಲ್ಲಿಗೆ ಹೋಗು ಅನ್ನಲಿ? ಮತ್ತೆ ಕಟ್ಟಿದೆ.