ನುಗ್ಗೆಮರದ ಬೆಳ್ಗಣ್ಣಗಳು

ನನ್ನ ಗಂಡನಿಗೆ ಹಕ್ಕಿಗಳ ಹುಚ್ಚು. ದೆಹಲಿಯ ಮುನಿರ್ಕಾದ ನೆಲಮಹಡಿಯ ಬಾಡಿಗೆ ಮನೆಯಲ್ಲಿದ್ದಾಗ, ಹಿತ್ತಿಲ ನುಗ್ಗೆಮರ ಹೂ ಬಿಟ್ಟರೆ ಸಾಕು, ಆಫೀಸಿಗೆ ತಡವಾದರೂ ಬಾಗಿಲಲ್ಲಿ ಬೆರಳೆತ್ತಿ ನಿಂತುಬಿಡುತ್ತಿದ್ದರು. "ಕೇಳಿಸ್ತಾ? ಬೆಳ್ಗಣ್ಣ ಬಂತು." ನನಗೆ ಮಿಕ್ಸಿಯ ಸದ್ದು ಬಿಟ್ಟು ಬೇರೇನೂ ಕೇಳಿಸುತ್ತಿರಲಿಲ್ಲ. ಕೈಹಿಡಿದು ಹೊರಗೆ ಎಳೆದುಕೊಂಡು ಹೋಗಿ, ನೂಲಿನಷ್ಟು ಸಣ್ಣ ಆ ಕೂಗನ್ನು ನನ್ನ ಕಿವಿಗೆ ಹತ್ತಿಸಿದವರು ಅವರೇ. ಗುಬ್ಬಿಗಿಂತ ಚಿಕ್ಕದು, ಹಳದಿ-ಹಸಿರು ಮೈ, ಕಣ್ಣಿನ ಸುತ್ತ ಬಿಳಿ ಉಂಗುರ. ಅದರ ದೆಸೆಯಿಂದ ನನ್ನ ಒಗ್ಗರಣೆ ಎಷ್ಟು ಸಲ ಸೀದಿದೆಯೋ.

ಈಗ ದೆಹಲಿಯಂಚಿನ ಇಂದಿರಾಪುರಂನಲ್ಲಿ ಒಂಬತ್ತನೇ ಮಹಡಿ. ನಿವೃತ್ತರಾದ ಮೇಲೆ ಇವರದು ಒಂದೇ ರಾಗ: "ಬೆಳ್ಗಣ್ಣ ಮುಗೀತು ಕಣೇ. ಈ ಹೊಗೆಗೆ ಎಲ್ಲಾ ಸತ್ತುಹೋದವು." ದಿನಾ ಬೆಳಿಗ್ಗೆ ಕೆಳಗಿನ ಪಾರ್ಕ್ ಸುತ್ತಿ ಮುಖ ಸಪ್ಪೆ ಮಾಡಿಕೊಂಡು ಬರುತ್ತಿದ್ದರು. ಮಂಡಿನೋವೆಂದು ನಾನು ಜೊತೆಗೆ ಹೋಗುತ್ತಿರಲಿಲ್ಲ.

ಇಲ್ಲೇ ಬೆಳೆದ ಮಗಳು ಫೋನ್ ತೆಗೆದು ನೋಡಿದಳು. "ಪಪ್ಪಾ, ದೇಖೋ, 'ಲೀಸ್ಟ್ ಕನ್ಸರ್ನ್' ಅಂತ ಇದೆ. ಅಂದ್ರೆ ಏನೂ ಡೇಂಜರ್ ಇಲ್ಲ. ಹೆಸರು ಮಾತ್ರ ಚೇಂಜ್ ಆಗಿದೆ." ಮೊದಲು ಓರಿಯೆಂಟಲ್ ವೈಟ್-ಐ ಎಂದು ಒಂದೇ ಜಾತಿಯಾಗಿದ್ದುದನ್ನು ಒಡೆದು, ನಮ್ಮ ಕಡೆಯದನ್ನು ಇಂಡಿಯನ್ ವೈಟ್-ಐ ಮಾಡಿದ್ದಾರಂತೆ. ವಂಶದಲ್ಲಿ ಹರಟೆಮಲ್ಲ ಹಕ್ಕಿಗಳಿಗೆ ನೆಂಟನಂತೆ.

"ಹೆಸರು ಏನಾದ್ರೂ ಇಟ್ಕೊಳ್ಳಲಿ," ಎಂದರು ಇವರು. "ಇದೆ ಅನ್ನೋರು ಬಂದು ತೋರಿಸಲಿ."

ನನಗೆ ರೇಗಿತು. ಈ ಸಿಡುಕನ್ನು ಇನ್ನೆಷ್ಟು ದಿನ ಸಹಿಸುವುದು? ಅದಕ್ಕಿಂತ ಹೆಚ್ಚಾಗಿ, ಬೆರಳೆತ್ತಿ ನಿಲ್ಲುತ್ತಿದ್ದ ಆ ಮನುಷ್ಯನನ್ನು ಇನ್ನೊಮ್ಮೆ ನೋಡಬೇಕೆಂಬ ಆಸೆ ನನ್ನನ್ನು ತಿನ್ನುತ್ತಿತ್ತು. "ನಡೀರಿ, ನಾನು ತೋರಿಸ್ತೀನಿ," ಎಂದೆ.

ಭಾನುವಾರ ಮೆಟ್ರೋ ಹಿಡಿದು ಮುನಿರ್ಕಾಕ್ಕೆ ಹೋದೆವು. ಹಳೆಯ ಮನೆಯ ಮೇಲೆ ಮೂರು ಮಹಡಿ ಎದ್ದಿದ್ದವು, ಎಲ್ಲದರಲ್ಲೂ ವಿದ್ಯಾರ್ಥಿಗಳು. ಪಕ್ಕದ ಗಲ್ಲಿಯಿಂದ ಹಿತ್ತಿಲಿಗೆ ಹೋದರೆ ನುಗ್ಗೆಮರ ಅಲ್ಲೇ ಇತ್ತು, ಮೈತುಂಬ ಹೂ. ಹತ್ತಿರ ಹೋಗುವ ಮೊದಲೇ ನನಗೆ ಕೇಳಿಸಿತು. ಒಂದಲ್ಲ, ಇಡೀ ಗುಂಪು. ಆದರೂ ಸುಮ್ಮನಿದ್ದೆ, ಮೊದಲು ಹೇಳಬೇಕಾದವರು ಅವರು. ಈಗ ಬೆರಳು ಏಳುತ್ತದೆ ಎಂದು ಅವರ ಕೈಯನ್ನೇ ನೋಡುತ್ತಿದ್ದೆ.

ಬೆರಳು ಏಳಲಿಲ್ಲ. ಕತ್ತೆತ್ತಿ ಒಂದೊಂದೇ ಕೊಂಬೆ ಹುಡುಕಿದರು. ಕೊನೆಗೆ ಕಂಡಾಗ ಮುಖ ಅರಳಿತು.

"ಇವೆ ಕಣೇ. ಎಷ್ಟೊಂದು ಇವೆ ನೋಡು." ಆಮೇಲೆ ಮೆಲ್ಲಗೆ ಕೇಳಿದರು, "ಆದ್ರೆ ಯಾಕೆ ಒಂದೂ ಕೂಗ್ತಿಲ್ಲ?"

ಮರದ ತುಂಬ ಅವುಗಳ ಕೂಗೇ ಇತ್ತು. ಇಂದಿರಾಪುರಂನ ಪಾರ್ಕಿನಲ್ಲೂ ಅವು ಇದ್ದಿರಬೇಕು, ಇವರ ಕಿವಿಗೆ ಬೀಳದೆ ಹೋಗಿರಬೇಕು ಎಂದು ಆಗ ಹೊಳೆಯಿತು.

"ಹೂವು ಸಿಕ್ಕಿದೆಯಲ್ಲ, ಬಾಯಿಗೆ ಪುರುಸೊತ್ತಿಲ್ಲ ಅವಕ್ಕೆ," ಎಂದೆ.

"ಅಚ್ಛಾ," ಎಂದರು. ನಂಬಿದರು.

ಅವರ ಕೈ ಹಿಡಿದುಕೊಂಡು, ಅವರೇ ಕಲಿಸಿದ ಆ ಕೂಗನ್ನು ಒಬ್ಬಳೇ ಕೇಳುತ್ತ ನಿಂತೆ.